ಬಸ್ಸು ಹೋಯ್ತು, ಗದ್ದೆಯೂ ಹೋಗಬೇಕೆ?

ತೀರ್ಥಹಳ್ಳಿ ಪೇಟೆಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ ಎಂಬುದು ಅಂಗಡಿಯವರ ದೂರು. ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ ಎಂಬುದು ಹಳ್ಳಿಯವರ ದೂರು. ಗದ್ದೆಗೆ ಮಣ್ಣು ಸುರಿದು ಸೈಟು ಮಾಡ್ತಾರೆ ಎಂಬುದು ಅಕ್ಕಪಕ್ಕದ ರೈತರ ದೂರು. ದೂರು ಮೂರು, ರೋಗ ಮಾತ್ರ ಒಂದೇ.

1991ರಲ್ಲಿ ಕೊಪ್ಪದಲ್ಲಿ ಬಸ್ ಕಾರ್ಮಿಕರೇ ಒಟ್ಟಾಗಿ ಸಹಕಾರ ಸಾರಿಗೆ ಕಟ್ಟಿದರು. ಡ್ರೈವರ್, ಕಂಡಕ್ಟರ್‌ಗಳೇ ಮಾಲೀಕರು. ಮಲೆನಾಡಿನ ಮೂಲೆಮೂಲೆಗೆ ಬಸ್ಸು ಓಡಿಸಿದರು, ಓದುವ ಮಕ್ಕಳಿಗೆ ರಿಯಾಯಿತಿ ಕೊಟ್ಟರು. ಖರ್ಚು ಏರಿತು, ನಷ್ಟ ಬೆಳೆಯಿತು. 2020ರ ಫೆಬ್ರವರಿಯಲ್ಲಿ ಆ ಬಸ್ಸುಗಳು ನಿಂತೇ ಹೋದವು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಒಳ್ಳೆಯದೇ. ಆದರೆ ಅದು ಸರ್ಕಾರಿ ನಿಗಮಗಳ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸನ್ನೇ ನಂಬಿದ ಒಳ ಊರಿನ ಹೆಂಗಸರ ಕೈಯಲ್ಲಿ ಆಧಾರ್ ಕಾರ್ಡಿದೆ, ಹತ್ತೋಕೆ ಸರ್ಕಾರಿ ಬಸ್ಸಿಲ್ಲ!

ಬಸ್ಸಿಲ್ಲದ ಮನೆ ಏನು ಮಾಡುತ್ತದೆ? ಸಾಲ ಮಾಡಿಯಾದರೂ ಸ್ಕೂಟರ್ ತರುತ್ತದೆ. 50 ಜನ ಒಂದು ಬಸ್ಸಿನಲ್ಲಿ ಬಂದಿಳಿದರೆ ಪೇಟೆಗೆ ಬೇಕಾದ್ದು ಒಂದು ಬಸ್ಸಿನ ಜಾಗ. ಅದೇ ಜನ 30 ಗಾಡಿಯಲ್ಲಿ ಬಂದರೆ ಅಂಗಡಿ ಬಾಗಿಲೇ ಕಾಣುವುದಿಲ್ಲ. ಆಮೇಲೆ ರಸ್ತೆ ಅಗಲ ಮಾಡಿ ಎಂಬ ಕೂಗು. ಮರ ಬೀಳುತ್ತದೆ. ಅಗಲವಾದ ರಸ್ತೆಯ ಪಕ್ಕದ ಗದ್ದೆಗೆ ಬೆಲೆ ಏರುತ್ತದೆ. ಬೆಲೆ ಏರಿದ ಗದ್ದೆ ಬಡಾವಣೆಯಾಗುತ್ತದೆ. ಅಲ್ಲಿಗೂ ಬಸ್ಸಿಲ್ಲ, ಮನೆಗೆ ಮತ್ತೆರಡು ಗಾಡಿ.

ತೀರ್ಥಹಳ್ಳಿ ಬಯಲುಸೀಮೆಯ ಊರಲ್ಲ. ಒಂದು ಕಡೆ ತುಂಗೆ, ಇನ್ನೊಂದು ಕಡೆ ಗುಡ್ಡ. ನಡುವೆ ಸಿಗುವ ಸಮತಟ್ಟು ಅಂದರೆ ಗದ್ದೆಯೇ. ಗದ್ದೆ ಭತ್ತ ಬೆಳೆಯುವುದಷ್ಟೇ ಅಲ್ಲ, ಮಳೆನೀರನ್ನು ಅಂಚಿನೊಳಗೆ ಹಿಡಿದಿಟ್ಟು ಬಾವಿಗೂ ಹಳ್ಳಕ್ಕೂ ನಿಧಾನವಾಗಿ ಬಿಡುತ್ತದೆ. ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುವ ಆಗುಂಬೆ ಇಲ್ಲಿಂದ ದೂರವೇನಿಲ್ಲ. ಗದ್ದೆ ಮುಚ್ಚಿದರೆ ಮಳೆಗಾಲದಲ್ಲಿ ನೀರು ರಸ್ತೆಗೆ, ಬೇಸಿಗೆಯಲ್ಲಿ ಬಾವಿ ತಳಕ್ಕೆ. ಬಡಾವಣೆಯ ಚರಂಡಿ ಕೊನೆಗೆ ಸೇರುವುದೂ ತುಂಗೆಯನ್ನೇ. ಕೆಳಗೆ ಶಿವಮೊಗ್ಗದವರು ಕುಡಿಯುವುದೂ ಅದೇ ನೀರು.

ಹಾಗಂತ ಮನೆ ಕಟ್ಟುವುದೇ ಬೇಡ, ಗಾಡಿ ಕೊಳ್ಳುವುದೇ ಬೇಡ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಬಾಡಿಗೆ ಮನೆಯಲ್ಲಿರುವವನಿಗೆ ಸೈಟು ಬೇಕು. ಸಂಜೆ ಏಳರ ಮೇಲೆ ಊರಿಗೆ ಹೋಗಬೇಕಾದವನಿಗೆ ಸ್ಕೂಟರೇ ಗತಿ. ತಪ್ಪು ಅವರದ್ದಲ್ಲ, ಬೇರೆ ದಾರಿ ಕೊಡದವರದ್ದು.

ಬಸ್ಸಿನ ಪರ್ಮಿಟ್ಟು ಕೊಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. 1964ರ ಭೂ ಕಂದಾಯ ಕಾಯ್ದೆಯಂತೆ ಕೃಷಿ ಜಮೀನನ್ನು ಸೈಟಾಗಿ ಪರಿವರ್ತಿಸಲು ಬೇಕಾದ್ದೂ ಅವರದೇ ಅಪ್ಪಣೆ. ಎರಡೂ ಫೈಲು ಒಂದೇ ಮೇಜಿನ ಮೇಲಿರುವಾಗ ಒಟ್ಟಿಗೆ ಬಿಚ್ಚಿ ನೋಡಲು ಏನು ಅಡ್ಡಿ? ಹೊಸ ಬಡಾವಣೆಗೆ ಬಸ್ಸು ಹೋಗುತ್ತದೆಯೇ, ಅಲ್ಲಿನ ಮಳೆನೀರು ಎಲ್ಲಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆ ಕೇಳಿ ಸಹಿ ಹಾಕಿದರೆ ಸಾಕು. ನಿಂತ ರೂಟುಗಳಿಗೆ ಸರ್ಕಾರಿ ಬಸ್ಸು ಬಿಡಲಿ, ಇಲ್ಲವೇ ಓಡಿಸುವ ಖಾಸಗಿಯವರಿಗೆ ತೆರಿಗೆ ಇಳಿಸಲಿ.

ಅಂಗಡಿಯವರೂ ಒಂದು ಲೆಕ್ಕ ಹಾಕಿಕೊಳ್ಳಲಿ. ಬಸ್ಸಿನಿಂದ ಇಳಿದ ಗಿರಾಕಿ ಪೇಟೆಯುದ್ದಕ್ಕೂ ನಡೆದು ನಾಲ್ಕು ಅಂಗಡಿ ಹತ್ತುತ್ತಾನೆ. ಕಾರಿನವನು ಸೀದಾ ಶಿವಮೊಗ್ಗಕ್ಕೆ ಹೋಗುತ್ತಾನೆ. ಬಸ್ಸು ಕೇಳುವ ಅರ್ಜಿಗೆ ಮೊದಲ ಸಹಿ ವರ್ತಕರದ್ದೇ ಇರಬೇಕು.