ಹಸಿರು ಮಂತ್ರಿಗಳು ಮತ್ತು ಕಲ್ಲಿದ್ದಲು ಗಣಿ

ಪರಿಸರವಾದಿಗಳು ಬೀದಿಯಲ್ಲಿ ಕೂಗಿದರೆ ಸಾಲದು, ಅಧಿಕಾರ ಹಿಡಿಯಬೇಕು ಎನ್ನುವವರಿದ್ದಾರೆ. ಒಪ್ಪೋಣ. ಆದರೆ ಹಿಡಿದವರು ಏನು ಮಾಡಿದರೆಂದೂ ನೋಡಬೇಕಲ್ಲವೇ?

ಜರ್ಮನಿಯ ಹಸಿರು ಪಕ್ಷ 1983ರಲ್ಲಿ ಸಂಸತ್ತನ್ನು ಪ್ರವೇಶಿಸಿತು. 1998ರಿಂದ 2005ರವರೆಗೆ ಸೋಷಿಯಲ್ ಡೆಮಾಕ್ರಟರ ಜೊತೆ ಸರಕಾರ ನಡೆಸಿತು. ಆ ಅವಧಿಯಲ್ಲಿ, 2000ದಲ್ಲಿ, ಬಂದ ನವೀಕರಿಸಬಹುದಾದ ಇಂಧನ ಕಾಯಿದೆಯನ್ನು ಯಾರೂ ಹಗುರವಾಗಿ ಕಾಣುವಂತಿಲ್ಲ. ಮಾಡಿನ ಮೇಲೆ ಸೌರಫಲಕ ಹಾಕಿಸಿದ ಸಾಮಾನ್ಯನೂ, ಹೊಲದಲ್ಲಿ ಗಾಳಿಯಂತ್ರ ನಿಲ್ಲಿಸಿದ ರೈತನೂ ತನ್ನ ವಿದ್ಯುತ್ತನ್ನು 20 ವರ್ಷ ನಿಗದಿತ ಬೆಲೆಗೆ ಮಾರುವಂತಾಯಿತು. ಆಗ ಆ ದೇಶದ ವಿದ್ಯುತ್ ಬಳಕೆಯಲ್ಲಿ ಇಂಥ ಇಂಧನದ ಪಾಲು ಶೇ. 6ರಷ್ಟು. 2023ರಲ್ಲಿ ಅರ್ಧಕ್ಕಿಂತ ಹೆಚ್ಚು! ನಡುವೆ 16 ವರ್ಷ ಪಕ್ಷ ಅಧಿಕಾರದ ಹೊರಗಿತ್ತು. ಕಾಯಿದೆಗೆ ಎಷ್ಟೋ ತಿದ್ದುಪಡಿಗಳಾದವು, ಆದರೆ ಅದನ್ನು ಕಿತ್ತೆಸೆಯುವ ಧೈರ್ಯ ಯಾರಿಗೂ ಬರಲಿಲ್ಲ. ಏಕೆಂದರೆ ಲಾಭ ಲಕ್ಷಾಂತರ ಮನೆಗಳ ಬಾಗಿಲಿಗೆ ತಲುಪಿತ್ತು.

2021ರ ಡಿಸೆಂಬರ್‌ನಲ್ಲಿ ಪಕ್ಷ ಮರಳಿ ಬಂತು. ರಾಬರ್ಟ್ ಹಾಬೆಕ್ ಆರ್ಥಿಕ ಮತ್ತು ಹವಾಮಾನ ಮಂತ್ರಿಯಾದರು. 2022ರ ಅಕ್ಟೋಬರ್‌ನಲ್ಲಿ ಅವರೂ ಅವರದೇ ಪಕ್ಷದ ರಾಜ್ಯ ಮಂತ್ರಿಯೂ ಆರ್‌ಡಬ್ಲ್ಯುಇ ಕಂಪೆನಿಯೊಂದಿಗೆ ಒಪ್ಪಂದ ಮಾಡಿಕೊಂಡರು. ರೈನ್ ಪ್ರದೇಶದಲ್ಲಿ ಕಲ್ಲಿದ್ದಲಿಗೆ ವಿದಾಯ 2038ರ ಬದಲು 2030ಕ್ಕೆ. ಪ್ರತಿಯಾಗಿ ಲ್ಯುಟ್ಸೆರಾಟ್ ಎಂಬ ಪುಟ್ಟ ಹಳ್ಳಿ ಗಣಿಯ ಪಾಲು. ಮುಚ್ಚಬೇಕಿದ್ದ ಎರಡು ಘಟಕಗಳಿಗೆ 2024ರ ಮಾರ್ಚ್‌ವರೆಗೆ ಆಯುಷ್ಯ. 2023ರ ಜನವರಿಯಲ್ಲಿ ಪೊಲೀಸರು ಎಳೆದು ಹೊರಹಾಕಿದವರಲ್ಲಿ ಈ ಪಕ್ಷಕ್ಕೆ ಓಟು ಹಾಕಿದ ಯುವಕರೆಷ್ಟಿದ್ದರೋ!

ಉಕ್ರೇನ್ ಯುದ್ಧದಿಂದ ರಷ್ಯಾದ ಅನಿಲ ನಿಂತಿತ್ತು, ಬೇರೆ ದಾರಿಯಿರಲಿಲ್ಲ ಎಂಬ ಸಮರ್ಥನೆಯಿದೆ. ಇರಲಿ. ಚಳಿಯಲ್ಲಿ ಜನರನ್ನು ಸಾಯಲು ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಹಾಬೆಕ್ 2022ರ ಮಾರ್ಚ್‌ನಲ್ಲಿ ಅನಿಲ ಕೇಳಿಕೊಂಡು ಕತಾರಿಗೆ ಹೋದರು. ಇಡೀ ಯುರೋಪ್ ಹಣದ ಚೀಲ ಹಿಡಿದು ದ್ರವೀಕೃತ ಅನಿಲದ ಮಾರುಕಟ್ಟೆಗಿಳಿಯಿತು. ಬೆಲೆ ಗಗನಕ್ಕೇರಿತು. ಆ ಜುಲೈನಲ್ಲಿ ಪಾಕಿಸ್ತಾನ ಕರೆದ ಅನಿಲದ ಟೆಂಡರಿಗೆ ಒಬ್ಬನೂ ಬರಲಿಲ್ಲ. ಬಾಂಗ್ಲಾದೇಶ ದಿನದ ಮಾರುಕಟ್ಟೆಯಲ್ಲಿ ಕೊಳ್ಳುವುದನ್ನೇ ನಿಲ್ಲಿಸಿ, ಊರೂರಿಗೆ ಸರದಿಯ ಮೇಲೆ ವಿದ್ಯುತ್ ಕಡಿತ ಹಾಕಿತು.

ಬರ್ಲಿನ್ನಿನ ಯಾವ ಹಸಿರು ಪ್ರಣಾಳಿಕೆಯಲ್ಲಿ ಈ ಕತ್ತಲೆಯ ಲೆಕ್ಕ ಬರೆದಿದೆ, ಅವರ ಅಭಿಮಾನಿಗಳೇ ತೋರಿಸಲಿ.