ಅಂಕದ ತಕ್ಕಡಿಯಲ್ಲಿ ದ್ರಾಕ್ಷಾಮದ್ಯ

ರುಚಿಯನ್ನು ಅಂಕಗಳಿಂದ ಅಳೆಯಬಹುದೆಂಬ ನಂಬಿಕೆಯು ದ್ರಾಕ್ಷಾಮದ್ಯದ ವ್ಯಾಪಾರವನ್ನು ಬಹುಮಟ್ಟಿಗೆ ಆಳುತ್ತಿರುವುದು. 1978ರಲ್ಲಿ ತಮ್ಮ ಪತ್ರಿಕೆಯನ್ನಾರಂಭಿಸಿದ ಅಮೆರಿಕದ ರಾಬರ್ಟ್ ಪಾರ್ಕರರು ನೂರಂಕಗಳ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ಹೆಸರಿಗೆ ನೂರು, ಎಣಿಕೆ ಮೊದಲಾಗುವುದು ಐವತ್ತರಿಂದ! ಆ ಐವತ್ತು ಯಾವ ಗುಣಕ್ಕೆ ಸಂದ ಕಾಣಿಕೆ?

ಅರ್ಜೆಂಟೀನದ ಮೆಂಡೋಸ ಪ್ರಾಂತದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರು. ಆಂಡೀಸ್ ಪರ್ವತದ ಹಿಮ ಕರಗಿದ ನೀರನ್ನು ಕಾಲುವೆಗಳಿಂದ ತಂದು ಬಳ್ಳಿಗಳನ್ನು ಬದುಕಿಸಬೇಕು. ಆಲಿಕಲ್ಲಿನಿಂದ ಕಾಯಲು ಬಲೆ ಹೊದಿಸಬೇಕು. ಫ್ರಾನ್ಸಿನಿಂದ ಬಂದ ಮಾಲ್ಬೆಕ್ ತಳಿಯು ಆ ಒಣನೆಲದಲ್ಲಿಯೇ ಕೀರ್ತಿವಡೆಯಿತು. ಇಷ್ಟೆಲ್ಲ ಶ್ರಮದ ಫಲಕ್ಕೆ 90 ಬಂದರೆ ಪೀಠ, 89 ಬಂದರೆ ಮೂಲೆ!

ಅಳೆಯುವ ಕೋಲಾದರೂ ಸ್ಥಿರವೆ? ಕ್ಯಾಲಿಫೋರ್ನಿಯ ರಾಜ್ಯದ ಸ್ಪರ್ಧೆಯಲ್ಲಿ ರಾಬರ್ಟ್ ಹಾಡ್ಸನ್ನರು ಒಂದೇ ಸೀಸೆಯ ಮದ್ಯವನ್ನು ತೀರ್ಪುಗಾರರಿಗೆ ಅರಿವಾಗದಂತೆ ಮೂರು ಸಲ ಕೊಡಿಸಿ ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಫಲವಿದು: ತಾವಿತ್ತ ತೀರ್ಪನ್ನು ಒಂದೇ ಪದಕದ ಮಟ್ಟದಲ್ಲಿ ಉಳಿಸಿಕೊಂಡವರು ಹತ್ತರಲ್ಲಿ ಒಬ್ಬರು ಮಾತ್ರ.

ಅಂಕವಿಲ್ಲದಿದ್ದರೆ ಕೊಳ್ಳುವವನು ಮೋಸಹೋಗುವನೆಂಬ ಆಕ್ಷೇಪವುಂಟು. ಪರೀಕ್ಷೆಯು ಬೇಡವೆಂದು ಯಾರೂ ಹೇಳುವುದಿಲ್ಲ. ಕೆಟ್ಟ ಸರಕನ್ನು ಬಯಲಿಗೆಳೆಯಲು ಪಳಗಿದ ನಾಲಗೆ ಅವಶ್ಯವೇ ಸರಿ. ಆದರೆ ಹುಳಿಯೆಷ್ಟು, ಒಗರೆಷ್ಟು, ಕಂಪು ಎಂತಹದು ಎಂದು ಬಿಡಿಸಿ ಹೇಳಿದ ಮಾತನ್ನು ಇನ್ನೊಬ್ಬನು ಕುಡಿದು ಒರೆಹಚ್ಚಬಲ್ಲನು; ಬರಿಯ ಅಂಕವನ್ನು ಒರೆಹಚ್ಚುವುದು ಹೇಗೆ? ಸಹೃದಯನು ಕಾವ್ಯದ ಗುಣದೋಷಗಳನ್ನು ಕಾರಣಸಹಿತ ವಿವೇಚಿಸುವನು. ಪದ್ಯಕ್ಕೆ ಎಂಬತ್ತೊಂಬತ್ತೆಂದು ಬರೆದು ಎದ್ದುಹೋಗುವವನನ್ನು ವಿಮರ್ಶಕನೆಂದು ಯಾರೂ ಕರೆಯರು. ಮದ್ಯದ ತೀರ್ಪುಗಾರನಿಗೆ ಮಾತ್ರ ಈ ವಿನಾಯಿತಿ ಏಕೆ? ಕಾರಣ ಹೇಳದ ಅಂಕವು ಬೆಲೆಯನ್ನು ಏರಿಸೀತು, ರಸವನ್ನು ತಿಳಿಸದು.