ಒಳಗಿನಿಂದ ತೆರೆಯದ ಬಾಗಿಲು

ಊರಿಗೆ ಹೊರಟರೆ ನಮ್ಮ ಹೆಂಗಸರು ಮನೆಯ ಬೀಗವನ್ನು ಮೂರು ಸಲ ಜಗ್ಗಿ ನೋಡುತ್ತಾರೆ. ಓಣಿಯ ತಿರುವಿನವರೆಗೆ ಬಂದು ‘ಹಾಕಿದೆನೋ ಇಲ್ಲವೋ’ ಎಂದು ಹಿಂದಿರುಗುವವರೂ ಉಂಟು. ಅದೇ ಹೆಂಗಸರು ಬಾಡಿಗೆಯ ಟೆಂಪೋ ಟ್ರಾವೆಲರಿನಲ್ಲಿ ಮಕ್ಕಳುಮರಿ ಸಮೇತ ಹಂಪಿಗೆ ಹೊರಟಾಗ, ಅದರ ಬಾಗಿಲು ಒಳಗಿನಿಂದ ತೆರೆಯುತ್ತದೆಯೇ ಎಂದು ಒಬ್ಬರೂ ಕೇಳುವುದಿಲ್ಲ. ಅದು ಡ್ರೈವರನ ಕೆಲಸವಂತೆ! ಕಾಯಿಪಲ್ಲೆಯವನ ತಕ್ಕಡಿಯನ್ನೇ ಅನುಮಾನಿಸುವ ನಾವು ಇಲ್ಲಿ ಮಾತ್ರ ಇಷ್ಟು ನಂಬುವುದೇಕೆ?

ಒಮ್ಮೆ ನಮ್ಮ ಶಾಲೆಯ ಮಕ್ಕಳನ್ನು ಹೊಸಪೇಟೆಯಿಂದ ಸಂಡೂರಿಗೆ ಕರೆದೊಯ್ಯಲು ಬಂದ ಬಸ್ಸಿನ ತುರ್ತು ಬಾಗಿಲಿನ ಹಿಡಿಕೆಯನ್ನು ತಂತಿಯಿಂದ ಬಿಗಿದಿದ್ದರು. ‘ಬೀಗ ಸಡಿಲಾಗೈತ್ರಿ ಟೀಚರ್, ಅದೆಲ್ಲಾ ನಿಮಗ್ಯಾಕ್ರಿ’ ಎಂದ ಡ್ರೈವರ್. ಸಡಿಲಾದ ಬೀಗಕ್ಕೆ ತಂತಿ ಮದ್ದೇ? ರಿಪೇರಿಯಾಗುವತನಕ ಒಂದು ಮಗುವನ್ನೂ ಹತ್ತಿಸಲಿಲ್ಲ. ಸಂಡೂರು ಸೇರುವಾಗ ಮಧ್ಯಾಹ್ನವಾಯಿತು, ಜೊತೆಗಿದ್ದ ಮೇಷ್ಟರುಗಳ ಮುಖ ಗಂಟಾಯಿತು. ಆಗಲಿ.

ನಮ್ಮ ಸೀಮೆಯಲ್ಲಿ ಬೀಗ ಬೇಗ ಕೆಡುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಯ ಹಿಂದೆ ಹೋದವರಿಗೆ ಆ ಕೆಂಧೂಳು ಗೊತ್ತು. ಸೀರೆಯ ನೆರಿಗೆಯನ್ನೇ ಬಿಡದ್ದು ಬೀಗದ ಕಣ್ಣನ್ನು ಬಿಟ್ಟೀತೆ? ಬಿಗಿಯಾಯಿತೆಂದು ಕೊಬ್ಬರಿ ಎಣ್ಣೆ ಬಿಡುತ್ತಾರೆ. ಎಣ್ಣೆ ಧೂಳನ್ನು ಹಿಡಿದು ಸಗಣಿಯಂತೆ ಗಟ್ಟಿಯಾಗುತ್ತದೆ. ಪೆನ್ಸಿಲಿನ ಕಡ್ಡಿಯನ್ನು ಕೀಲಿಕೈಯ ಹಲ್ಲುಗಳಿಗೆ ತಿಕ್ಕಿ ನಾಲ್ಕು ಸಲ ತಿರುಗಿಸಿ ನೋಡಿ. ಅದು ಗ್ರಾಫೈಟ್, ಜಾರಿಸುತ್ತದೆ, ಧೂಳನ್ನು ಅಂಟಿಸಿಕೊಳ್ಳುವುದಿಲ್ಲ. (ನಾಲ್ಕನೆಯ ತರಗತಿಯ ಡಬ್ಬಿಯಲ್ಲಿ ಬೇಕಾದಷ್ಟು ಮೋಟು ಪೆನ್ಸಿಲುಗಳಿರುತ್ತವೆ.) ಬಾಗಿಲ ಅಂಚಿನ ಕೊಂಡಿಗಾದರೆ, ಹಳೆಯ ಮಡ್ಡಿಯನ್ನು ಒರೆಸಿ ತೆಗೆದು ತೆಳ್ಳಗೆ ಗ್ರೀಸ್ ಸವರಬೇಕು.

ಇದೆಲ್ಲ ಅತಿಯಾಯಿತು ಎನ್ನುವ ಗಂಡಸರಿಗೆ ಎರಡು ತಾರೀಖು ಹೇಳುತ್ತೇನೆ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಪಾಲೇಮಿನ ಬಳಿ ಉರಿದು 45 ಮಂದಿ ಸತ್ತರು. 2025ರ ಅಕ್ಟೋಬರ್ 24ರಂದು ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಕರ್ನೂಲಿನ ಬಳಿ ಉರಿದು 19 ಪ್ರಯಾಣಿಕರು ಹೋದರು. ಉಳಿದವರಲ್ಲಿ ಹಲವರು ಕಿಟಕಿ ಒಡೆದು ಹಾರಿದವರು. ಹೊಸಪೇಟೆಯಿಂದಲೂ ರಾತ್ರಿಯಾದರೆ ನಮ್ಮ ಹೆಣ್ಣುಮಕ್ಕಳು ಅಂಥ ಬಸ್ಸುಗಳಲ್ಲೇ ಬೆಂಗಳೂರಿಗೆ ಹೋಗುತ್ತಾರೆ.

ಕಂಪ್ಲಿಗೆ ಮದುವೆಗೆ ಹೋಗುವ ಗಾಡಿಯಾದರೂ ಸರಿ, ಅಡ್ವಾನ್ಸ್ ಕೊಡುವ ಮೊದಲು, ಇಂಜಿನ್ ನಿಂತಿರುವಾಗ, ಪ್ರತಿ ಬಾಗಿಲನ್ನೂ ಒಳಗಿನಿಂದೊಮ್ಮೆ, ಹೊರಗಿನಿಂದೊಮ್ಮೆ ನೀವೇ ತೆರೆದು ನೋಡಿ. ಕಾರಾದರೆ ಹಿಂದಿನ ಬಾಗಿಲುಗಳ ಚೈಲ್ಡ್ ಲಾಕ್ ನೋಡಿ. ಅದು ಬಿದ್ದಿದ್ದರೆ ಒಳಗಿನ ಹಿಡಿಕೆ ಕೆಲಸ ಮಾಡದು. ತುರ್ತು ಬಾಗಿಲಿಗೆ ಅಡ್ಡವಾಗಿ ಸೂಟ್‌ಕೇಸು, ಹಾಸಿಗೆ ಸುರುಳಿ ಒಟ್ಟಿದ್ದರೆ ಎತ್ತಿಸಿ. ಡ್ರೈವರ್ ಗೊಣಗಿದರೆ ಗೊಣಗಲಿ, ಬಾಡಿಗೆ ಕೊಡುವವರು ನಾವು.